ಬಾಗಿಲಿನ ಪಾಲಿನ ಬಿಯರು

ಗೆರೆಯಪ್ಪ ಅನ್ನುವುದು ಅವನ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅವರಿಟ್ಟ ಹೆಸರು ಮದುವೆಯ ದಿನ ಒಮ್ಮೆ ಹೊರಗೆ ಬಂದು, ಕೆಲಸ ಮುಗಿಯಿತೆಂದು ಮತ್ತೆ ಒಳಗೆ ಹೋಗಿ ಮಲಗಿಬಿಟ್ಟಿತು. ಊರಿಗೆಲ್ಲ ಅವನು ಗೆರೆಯಪ್ಪನೇ, ಏಕೆಂದರೆ ಅವನ ಕಸುಬು ಗೆರೆ ಎಳೆಯುವುದು. ಮರದ ಹೊಟ್ಟು ಒತ್ತಿ ಮಾಡಿದ ಅಗ್ಗದ ಬಾಗಿಲು ಕೊಡಿ, ತಗಡಿನ ಬಾಗಿಲು ಕೊಡಿ, ಅದರ ಮೇಲೆ ಒಳ್ಳೆಯ ಮರದ ಗೆರೆ, ಗಂಟು, ಸುಳಿ ಎಲ್ಲವನ್ನೂ ಬಣ್ಣದಲ್ಲೇ ಬರೆದುಬಿಡುತ್ತಿದ್ದ. ನೋಡಿದವರು ಬೆರಳಿನಿಂದ ತಟ್ಟಿ ಅನುಮಾನ ಪರಿಹರಿಸಿಕೊಳ್ಳಬೇಕಾಗುತ್ತಿತ್ತು. ಒಮ್ಮೆ ಒಬ್ಬ ಬಡಗಿ ಅವನು ಬರೆದ ಗಂಟಿನ ಮೇಲೆ ಮೊಳೆ ಹೊಡೆಯಲು ಹೆದರಿ, ಒಂದು ಗೇಣು ಪಕ್ಕಕ್ಕೆ ಸರಿದು ಹೊಡೆದನಂತೆ. ಈ ಮಾತು ಹೇಳಿದವನು ಗೆರೆಯಪ್ಪನೇ, ಆದ್ದರಿಂದ ಅರ್ಧ ನಂಬಿದರೆ ಸಾಕು.

ಈ ಕೆಲಸಕ್ಕೆ ಬಿಯರು ಬೇಕು. ನಗಬೇಡಿ, ನಿಜವಾಗಿಯೂ ಬೇಕು. ಮೊದಲು ಬಾಗಿಲಿಗೆ ತಿಳಿ ಹಳದಿ ಬಣ್ಣ ಬಳಿಯಬೇಕು. ಅದು ಅವನ ಹೆಂಡತಿಯ ತಮ್ಮನ ಕೆಲಸ. ಅದು ಒಣಗಿದ ಮೇಲೆ ಕಂದು ಪುಡಿಯನ್ನು ಬಿಯರಿನಲ್ಲಿ ಕಲಸಿ, ತೆಳ್ಳಗೆ ಬಳಿದು, ಹಸಿ ಇರುವಾಗಲೇ ರಬ್ಬರಿನ ಬಾಚಣಿಗೆಯಿಂದ ಎಳೆದರೆ ಗೆರೆ ಮೂಡುತ್ತದೆ. ಬರೀ ನೀರಿನಲ್ಲಿ ಕಲಸಿದರೆ ಪುಡಿ ಬಾಗಿಲಿಗೆ ಕಚ್ಚಿಕೊಳ್ಳುವುದಿಲ್ಲ. ಬಿಯರಿನಲ್ಲಿ ಸಣ್ಣಗೆ ಒಂದು ಅಂಟು ಇದೆ. ಕಣ್ಣಿಗೆ ಕಾಣದು, ಕೈಗೆ ಸಿಗದು, ಆದರೆ ಮೇಲೆ ವಾರ್ನಿಷು ಬಳಿಯುವವರೆಗೆ ಗೆರೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಂದೇ ಷರತ್ತು, ಬಿಯರು ಹಳಸಿರಬೇಕು. ನೊರೆ ಇದ್ದರೆ ಬಾಗಿಲ ತುಂಬ ಗುಳ್ಳೆ ಏಳುತ್ತದೆ. ಹಾಗಾಗಿ ಇಂದು ಸಂಜೆ ಮುಚ್ಚಳ ತೆಗೆದ ಬಾಟಲಿ ನಾಳೆಯ ಬಾಗಿಲಿಗೆ.

ಕೆಲಸ ಕಲಿಸಿದ ಗುರು ಇದರ ಜೊತೆಗೆ ಒಂದು ನಿಯಮವನ್ನೂ ಕಲಿಸಿದ್ದ: ಮೇಲಿನ ಅರ್ಧ ಗಂಟಲಿಗೆ, ಕೆಳಗಿನ ಅರ್ಧ ಬಾಗಿಲಿಗೆ. ಗುರುವಿನ ಉಳಿದ ಮಾತುಗಳನ್ನು ಗೆರೆಯಪ್ಪ ಕೇಳಿದನೋ ಬಿಟ್ಟನೋ, ಇದನ್ನಂತೂ ಚಾಚೂ ತಪ್ಪದೆ ಪಾಲಿಸಿದ. ಸಂಜೆ ಮನೆಗೆ ಬಂದು ಕೈಕಾಲು ತೊಳೆದು, ಹಿತ್ತಿಲ ಮೆಟ್ಟಿಲ ಮೇಲೆ ಗೋಡೆಗೆ ಒರಗಿ ಕೂತು, ಲೋಟಕ್ಕೆ ಬಗ್ಗಿಸಿಕೊಳ್ಳುತ್ತಿದ್ದ. ಲೋಟ ಮುಗಿಯುವ ತನಕ ಬಾಯಿಂದ ಒಂದು ಮಾತಿಲ್ಲ. ಮುಗಿದ ಮೇಲೆ ಎದ್ದು ಬಂದು, ಊಟಕ್ಕೇನು ಎಂದು ಕೇಳುತ್ತಿದ್ದ. ವಯಸ್ಸಾದಂತೆ ಗಂಟಲಿನ ಪಾಲು ಬೆಳೆಯುತ್ತಾ ಹೋಯಿತು. ಕೊನೆಕೊನೆಗೆ ಬಾಗಿಲಿಗೆ ಒಂದು ಬಾಟಲಿ, ಗಂಟಲಿಗೆ ಎರಡು ಅನ್ನುವಲ್ಲಿಗೆ ಬಂದು ನಿಂತಿತು. ಪಾಲು ಹಂಚುವವನೇ ಪಾಲುದಾರನಾದರೆ ಹೀಗೇ.

ಆ ಬಿಯರಾದರೂ ಎಂಥದ್ದು? ಲಾರಿಗಟ್ಟಲೆ ಬಂದಿಳಿಯುವ, ಎಲ್ಲ ಅಂಗಡಿಯಲ್ಲೂ ಸಿಗುವ, ತಿಳಿ ಹೊಂಬಣ್ಣದ ಮಾಮೂಲಿ ಲಾಗರ್. ಅದಕ್ಕೊಂದು ಹೆಸರಿದೆ, ಆದರೆ ಯಾರೂ ಹೆಸರು ಹೇಳಿ ಕೇಳುವುದಿಲ್ಲ, ಒಂದು ಬೆರಳು ಎತ್ತಿದರೆ ಅಂಗಡಿಯವನು ಅದನ್ನೇ ತೆಗೆದಿಡುತ್ತಾನೆ. ಒಮ್ಮೆ ದೊಡ್ಡ ಮನೆಯೊಂದರ ಯಜಮಾನ, ಬಾಗಿಲು ನೋಡಿ ಖುಷಿಯಾಗಿ, ಗೆರೆಯಪ್ಪನಿಗೆ ದುಬಾರಿ ಬಾಟಲಿಯೊಂದನ್ನು ಕೊಟ್ಟಿದ್ದ. ಅದರಲ್ಲಿ ಕಾಫಿ ವಾಸನೆ, ಕಿತ್ತಳೆ ಸಿಪ್ಪೆ ವಾಸನೆ, ಇನ್ನೂ ಏನೇನೋ. ಪ್ರತಿ ಗುಟುಕಿಗೂ ಯಜಮಾನ "ಹೇಗಿದೆ? ಏನನ್ಸುತ್ತೆ?" ಎಂದು ಕೇಳುತ್ತಲೇ ಇದ್ದ. ಗೆರೆಯಪ್ಪನಿಗೆ ಪರೀಕ್ಷೆಗೆ ಕೂತಂತೆ ಆಯಿತು. ಇಡೀ ದಿನ ಗೆರೆ ನೋಡಿ ಕಣ್ಣು ಸೋತವನಿಗೆ ಸಂಜೆ ನಾಲಿಗೆಗೂ ಕೆಲಸ ಕೊಟ್ಟರೆ ಹೇಗೆ? ಮನೆಗೆ ಬಂದು ತನ್ನದನ್ನು ಒಂದು ಲೋಟ ಕುಡಿದಾಗಲೇ ಅವನಿಗೆ ಜೀವ ಬಂದದ್ದು. ನನ್ನನ್ನು ಕೇಳಿದರೆ, ಆ ಮಾಮೂಲಿ ಬಿಯರಿನ ದೊಡ್ಡತನ ಇರುವುದೇ ಅಲ್ಲಿ, ಅದು ತನ್ನ ಬಗ್ಗೆ ಮಾತಾಡಿಸುವುದಿಲ್ಲ.

ಇಷ್ಟರಲ್ಲಿ ಹೊಟ್ಟೆಯ ಬಲಗಡೆ ನೋವು ಬಂತು. ಹೆಂಡತಿ ಬಲವಂತದಿಂದ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಒತ್ತಿ ನೋಡಿದರು, ರಕ್ತ ತೆಗೆಸಿದರು, ಕನ್ನಡಕ ತೆಗೆದಿಟ್ಟರು. ಡಾಕ್ಟರುಗಳು ಕನ್ನಡಕ ತೆಗೆದಿಟ್ಟರೆ ಒಳ್ಳೆಯ ಸುದ್ದಿ ಇರುವುದಿಲ್ಲ.

"ಲಿವರ್ ಊದಿದೆ. ಇನ್ನೂ ಕೈ ಮೀರಿಲ್ಲ. ಮೂರು ತಿಂಗಳು ಒಂದು ಹನಿ ಕೂಡ ಮುಟ್ಟಬಾರದು. ಆಮೇಲೆ ಮತ್ತೆ ರಕ್ತ ನೋಡೋಣ. ಇಳಿದಿದ್ರೆ ಬಚಾವ್. ಇಳೀದೇ ಇದ್ರೆ..." ಎಂದು ಅವರು ಅವನನ್ನು ಬಿಟ್ಟು ಅವನ ಹೆಂಡತಿಯ ಮುಖ ನೋಡಿದರು. ಉಳಿದ ಮಾತು ಹೇಳಬೇಕಾಗಲಿಲ್ಲ.

ಗೆರೆಯಪ್ಪ ಬಾಗಿಲಿಗೆ ಬಣ್ಣ ಹಚ್ಚುತ್ತಿದ್ದನೇ ಹೊರತು ಮಾತಿಗೆ ಹಚ್ಚುವವನಲ್ಲ. ಬಿಟ್ಟೆ ಎಂದ, ಬಿಟ್ಟ. ಆದರೆ ಬಾಗಿಲು ಬಿಡಬೇಕಲ್ಲ? ಅದೇ ಸಮಯಕ್ಕೆ ಹೊಸ ಕಟ್ಟಡವೊಂದರ ಎಲ್ಲ ಮನೆಗಳ ಬಾಗಿಲುಗಳ ಕೆಲಸ ಸಿಕ್ಕಿತ್ತು. ಬಿಯರಿನ ಸಹವಾಸವೇ ಬೇಡವೆಂದು ಮೊದಲು ವಿನೆಗರಿನಲ್ಲಿ ಕಲಸಿ ನೋಡಿದ. ಆ ಘಾಟಿಗೆ ಪಕ್ಕದ ಕೋಣೆಯಲ್ಲಿದ್ದ ವಿದ್ಯುತ್ ಕೆಲಸದವರು ತಂತಿ ಬಿಟ್ಟು ಓಡಿದರು. ಆಮೇಲೆ ಸಕ್ಕರೆ ನೀರು. ಗೆರೆ ಸೊಗಸಾಗಿಯೇ ಬಂತು, ಊಟ ಮುಗಿಸಿ ಬಂದು ನೋಡಿದರೆ ಗೆರೆಗಳು ನಡೆದಾಡುತ್ತಿದ್ದವು. ಹತ್ತಿರ ಹೋಗಿ ನೋಡಿದರೆ ಇರುವೆ.

"ಭಾವ, ಸುಮ್ನೆ ಬಿಯರೇ ತನ್ನಿ. ಬಾಗಿಲಿಗೇನು ಲಿವರ್ ಇದ್ಯಾ?" ಎಂದ ಭಾವಮೈದ.

ಬಿಯರು ಮತ್ತೆ ಮನೆಗೆ ಬಂತು. ಅದರ ಉಸ್ತುವಾರಿಯನ್ನು ಹೆಂಡತಿ ವಹಿಸಿಕೊಂಡಳು. ಅವಳು ಮನೆಯಲ್ಲೇ ಹೊಲಿಗೆ ಮಾಡುವವಳು. ಶಾಲೆಯ ಸಮವಸ್ತ್ರ, ಪರದೆ, ಕಂಡವರ ಪ್ಯಾಂಟಿನ ಸೊಂಟ ಬಿಚ್ಚಿ ಹಿಗ್ಗಿಸುವುದು, ಇದೇ ಬೆಳಗಿನಿಂದ ಸಂಜೆಯವರೆಗೆ. ಮದುವೆಯಾದಾಗಿನಿಂದ ಬಿಯರಿನ ಬಾಟಲಿಯನ್ನು ಎರಡು ಬೆರಳಲ್ಲಿ, ಸತ್ತ ಇಲಿಯನ್ನು ಎತ್ತಿದಂತೆ ಎತ್ತುತ್ತಿದ್ದಳು. ಅಂಥವಳ ಕೈಗೆ ಕೊಟ್ಟರೆ ಭದ್ರ ಎಂದು ಗೆರೆಯಪ್ಪನೂ ಒಪ್ಪಿದ. ಸಂಜೆ ಅವನು ತಿರುಗಾಡಲು ಹೋಗುವನು, ಆ ಹೊತ್ತಿನಲ್ಲಿ ಅವಳು ಮುಚ್ಚಳ ತೆಗೆದು ಬಾಟಲಿಯನ್ನು ಅಡುಗೆಮನೆಯ ಮೇಲಿನ ಗೂಡಿನಲ್ಲಿ ಇಡುವಳು. ಬೆಳಿಗ್ಗೆ ಅದನ್ನು ತಗಡಿನ ಡಬ್ಬಿಗೆ ಬಗ್ಗಿಸಿ, ಮುಚ್ಚಿ, ಊಟದ ಡಬ್ಬಿಯ ಜೊತೆ ಕೈಗೆ ಕೊಡುವಳು. ಮುಚ್ಚಳ ತೆಗೆಯುವಾಗಿನ ಆ ಉಸ್ ಎಂಬ ಸದ್ದೂ ಅವನ ಕಿವಿಗೆ ಬೀಳದಂತೆ ವ್ಯವಸ್ಥೆಯಾಯಿತು.

ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ಹೆಂಡವೆಂದೇ ಅನ್ನುತ್ತಾರೆ. ಇಲ್ಲಿ ಮಜ್ಜಿಗೆಯೂ ಇಲ್ಲ, ಅಂಗಿಯ ಮೇಲೆ, ಕೈಯ ಮೇಲೆ, ಕೂದಲ ಮೇಲೆ ಸಾಕ್ಷಾತ್ ಬಿಯರೇ. ಸಂಜೆ ಬಸ್ಸಿನಲ್ಲಿ ಅವನ ಪಕ್ಕ ಕೂತವರು ಸರಿದು ಕೂತರು. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಬಗ್ಗಿ, "ನಿಮ್ಮೆಜಮಾನ್ರು ಮತ್ತೆ ಶುರು ಮಾಡಿದ ಹಾಗಿದೆ" ಎಂದಳು. ಸ್ವಂತ ತಮ್ಮನೇ ಒಂದು ದಿನ, "ಅಕ್ಕ, ಭಾವನ ಮೇಲೆ ಒಂದು ಕಣ್ಣಿಡು" ಎಂದುಬಿಟ್ಟ.

ಹೆಂಡತಿ ಹೊಲಿಗೆ ನಿಲ್ಲಿಸಿ ಎದ್ದು ನಿಂತಳು. "ಆಣೆ ಮಾಡಿ ಹೇಳ್ತೀನಿ ಕೇಳು. ನನ್ನ ಗಂಡ ಒಂದು ಹನಿ ಮುಟ್ಟಿಲ್ಲ. ಅವರ ಬಗ್ಗೆ ಇನ್ನೊಂದು ಮಾತಾಡಿದ್ರೆ ನಿನಗೆ ಈ ಮನೇಲಿ ಊಟ ಇಲ್ಲ!"

ಒಳಗಿದ್ದ ಗೆರೆಯಪ್ಪನಿಗೆ ಇದು ಕೇಳಿಸಿತು. ಹೆಂಡತಿ ತನ್ನನ್ನು ಬಿಟ್ಟುಕೊಡದೆ ಹೀಗೆ ಗಟ್ಟಿಯಾಗಿ ಮಾತಾಡಿದ್ದು ಮದುವೆಯಾದಾಗಿನಿಂದ ಇದೇ ಮೊದಲು. ಅವನಿಗೆ ಅಂದು ಊಟ ಎರಡು ತುತ್ತು ಹೆಚ್ಚೇ ಸೇರಿತು.

ಎರಡನೆಯ ತಿಂಗಳಿನಲ್ಲಿ ಬಾಗಿಲುಗಳು ಕೈಕೊಡಲು ಶುರುಮಾಡಿದವು. ಗೆರೆ ಎಳೆಯುವಾಗ ಚೆನ್ನಾಗಿಯೇ ಇತ್ತು. ಮೇಲೆ ವಾರ್ನಿಷಿನ ಕುಂಚ ತಾಗಿದ್ದೇ ತಡ, ಗೆರೆಗಳು ಕುಂಚದ ಜೊತೆಗೇ ಎದ್ದು ಬಂದವು. ಅಲ್ಲಲ್ಲಿ ಕಂದು ಬಣ್ಣ ಕಣ್ಣೀರಿಟ್ಟಂತೆ ಕೆಳಗಿಳಿಯಿತು. ಒರೆಸಿ ಮತ್ತೆ ಬರೆದ. ಮತ್ತೆ ಅದೇ. ಗೆರೆಯಪ್ಪನಿಗೆ ರೇಗಿತು. ಸಂಜೆ ನೇರವಾಗಿ ಅಂಗಡಿಗೆ ಹೋಗಿ, ಎಲ್ಲರ ಎದುರು ಜಗಳ ತೆಗೆದ.

"ನಿಮ್ಮ ಕಂಪನಿಯವ್ರು ಬಿಯರಿಗೆ ನೀರು ಬೆರೆಸ್ತಿದ್ದಾರೆ!"

ಅಂಗಡಿಯವನು ಸಾವಧಾನವಾಗಿ ಚಿಲ್ಲರೆ ಕೊಡುತ್ತಲೇ ಹೇಳಿದ. "ಇಡೀ ಬೀದಿ ಇದನ್ನೇ ಕುಡೀತಿದೆ ಕಣಪ್ಪ. ಒಬ್ಬರೂ ಕಂಪ್ಲೇಂಟು ಹೇಳಿಲ್ಲ. ಕುಡಿಯೋರು ಸುಮ್ನಿದ್ದಾರೆ, ಬಾಗಿಲಿಗೆ ಹಚ್ಚೋನು ನೀನು ಬಂದು ರುಚಿ ಹೇಳ್ತಿದ್ದೀಯ!"

ಕ್ಯೂನಲ್ಲಿದ್ದವರೆಲ್ಲ ನಕ್ಕರು. ಗೆರೆಯಪ್ಪ ಮುಖ ಸಣ್ಣದು ಮಾಡಿಕೊಂಡು ಹೊರಬಿದ್ದ. ಅರ್ಧ ದಾರಿಗೆ ಬರುವಷ್ಟರಲ್ಲಿ ಅವನಿಗೆ ಒಂದು ನೆನಪಾಗಿ, ಕಾಲು ಅಲ್ಲೇ ನಿಂತಿತು.

ಕೆಲಸ ಕಲಿಯುವ ಕಾಲದಲ್ಲಿ ಅವನು ಗುರುವಿನ ಬಾಟಲಿಯಿಂದ ಕದ್ದು ಕುಡಿದು, ಕುಡಿದಷ್ಟು ನೀರು ತುಂಬಿ ಇಡುತ್ತಿದ್ದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಕಥೆ. ಬಾಟಲಿ ನೋಡಿ ಗುರುವಿಗೆ ಏನೂ ತಿಳಿಯಲಿಲ್ಲ, ಬಾಗಿಲು ನೋಡಿ ತಿಳಿಯಿತು. ಆ ಬಾಗಿಲ ಬಣ್ಣವೂ ಹೀಗೇ ಇಳಿದಿತ್ತು, ಇದೇ ರೀತಿ, ಇದೇ ಕಣ್ಣೀರು. ಅಂದರೆ ಈಗಲೂ ಯಾರೋ ಬಾಟಲಿಯಿಂದ ಕುಡಿದು ನೀರು ಬೆರೆಸುತ್ತಿದ್ದಾರೆ. ಭಾವಮೈದ ಊಟ ಮುಗಿಸಿ ತನ್ನ ಮನೆಗೆ ಹೋಗುವವನು, ಈ ಮನೆಯಲ್ಲಿ ಇರುವವರು ಇಬ್ಬರು. ಒಬ್ಬಳು ಬಾಟಲಿಯನ್ನು ಇಲಿಯಂತೆ ಎತ್ತುವವಳು. ಇನ್ನೊಬ್ಬ, ಈ ವಿದ್ಯೆಯಲ್ಲಿ ಪಳಗಿದವನು, ತಾನೇ.

ನೀವಾಗಿದ್ದರೆ ಹೆಂಡತಿಯನ್ನು ಕೇಳುತ್ತಿದ್ದಿರಿ. ಗೆರೆಯಪ್ಪನಿಗೆ ಅದು ಹೊಳೆಯಲೇ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅವನು. ಚಿಕ್ಕವನಿದ್ದಾಗ ನಿದ್ದೆಯಲ್ಲಿ ಎದ್ದು ಹೋಗಿ ಹೂಜಿಯ ನೀರು ಕುಡಿದು ಬಂದು ಮಲಗುತ್ತಿದ್ದನೆಂದು ಅಮ್ಮ ನೆಂಟರೆದುರು ಹೇಳಿ ನಗುತ್ತಿದ್ದದ್ದು ಅವನಿಗೆ ನೆನಪಿತ್ತು. ಸಾಕು, ಲೆಕ್ಕ ಹೊಂದಿತು. ಹುಟ್ಟುಗುಣ ಸುಟ್ಟರೂ ಹೋಗದು. ಎಚ್ಚರದಲ್ಲಿ ಬಿಟ್ಟದ್ದನ್ನು ತಾನು ನಿದ್ದೆಯಲ್ಲಿ ಕುಡಿಯುತ್ತಿದ್ದೇನೆ, ಕುಡಿದು, ಹಳೇ ಚಾಳಿಯಂತೆ ನೀರು ತುಂಬಿ ಬರುತ್ತಿದ್ದೇನೆ!

ಪರೀಕ್ಷೆ ಮಾಡಿಯೇ ಬಿಡೋಣ ಎಂದು ಹೆಂಡತಿಯ ಹೊಲಿಗೆ ಪೆಟ್ಟಿಗೆಯಿಂದ ದಾರ ತೆಗೆದು, ಕಾಲಿನ ಹೆಬ್ಬೆರಳನ್ನು ಮಂಚದ ಕಾಲಿಗೆ ಕಟ್ಟಿಕೊಂಡು ಮಲಗಿದ. ಬೆಳಿಗ್ಗೆ ದಾರ ತುಂಡಾಗಿತ್ತು. ಸಮವಸ್ತ್ರ ಹೊಲಿಯುವ ತೆಳ್ಳನೆಯ ದಾರ, ಮಗ್ಗುಲು ಬದಲಿಸಿದರೂ ತುಂಡಾಗುವಂಥದ್ದು ಎಂದು ಅವನಿಗೆ ಯಾರು ಹೇಳಬೇಕು? ಅಂದೂ ಬಾಗಿಲು ಇಳಿಯಿತು. ಗೆರೆಯಪ್ಪ ತನ್ನ ಮೇಲಿನ ತೀರ್ಪನ್ನು ತಾನೇ ಬರೆದು ಮುಗಿಸಿದ.

ಅಲ್ಲಿಂದಾಚೆಗೆ ಅವನಿಗೆ ನೆಮ್ಮದಿ ಇಲ್ಲ. ಸಾಯುವ ಭಯ ಇದ್ದೇ ಇತ್ತು. ಅದಕ್ಕಿಂತ ಹೆಚ್ಚಾಗಿ ಅವನನ್ನು ಕೊರೆದದ್ದು ಹೆಂಡತಿ ಮಾಡಿದ ಆ ಆಣೆ. ಊರೆಲ್ಲ ಅನುಮಾನಪಟ್ಟರೂ ಅವಳೊಬ್ಬಳು ನಂಬಿದ್ದಾಳೆ. ರಕ್ತದಲ್ಲಿ ಬಿಯರು ಕಂಡರೆ ಡಾಕ್ಟರಮ್ಮ ಅವಳ ಮುಖ ನೋಡುತ್ತಾರೆ, ಅವಳು ತನ್ನ ಮುಖ ನೋಡುತ್ತಾಳೆ. ಹೇಳಿಬಿಡೋಣ ಎಂದರೆ ಬಾಯಿ ಬಾರದು, ಬಿಡೋಣ ಎಂದರೆ ಮನಸ್ಸು ಕೇಳದು. ನುಂಗಲೂ ಆಗದ, ಉಗುಳಲೂ ಆಗದ ಬಿಸಿ ತುಪ್ಪವಾಯಿತು. ಅವಳು ಪ್ರೀತಿಯಿಂದ ಏನಾದರೂ ಬಡಿಸಿದರೆ ಇನ್ನೂ ಕಷ್ಟ. ಈಚೆಗೆ ಅವಳು ಬಡಿಸುತ್ತಲೂ ಇದ್ದಳು, ಕೇಳದೆಯೇ, ಮೊದಲಿಗಿಂತ ಹೆಚ್ಚಾಗಿಯೇ.

ರಕ್ತ ಕೊಟ್ಟು ಬಂದದ್ದಾಯಿತು. ಫಲಿತಾಂಶ ಕೇಳುವ ದಿನ ಇಬ್ಬರೂ ಬೆಳಿಗ್ಗೆಯೇ ಹೋಗಿ ಆಸ್ಪತ್ರೆಯ ಪಡಸಾಲೆಯ ಬೆಂಚಿನಲ್ಲಿ ಕೂತರು. ಒಳಗೆ ಒಬ್ಬರು ಹೋದರು, ಬಂದರು. ಇನ್ನೊಬ್ಬರು ಹೋದರು. ತನ್ನ ಸರದಿ ಹತ್ತಿರ ಬಂದಂತೆ ಗೆರೆಯಪ್ಪ ಬೆಂಚಿನ ತುದಿಗೆ ಸರಿದ. ಡಾಕ್ಟರಮ್ಮನ ಬಾಯಿಂದ ಅವಳಿಗೆ ತಿಳಿಯುವುದಕ್ಕಿಂತ ತನ್ನ ಬಾಯಿಂದ ತಿಳಿಯಲಿ ಎಂದು ಕೊನೆಗೂ ಗಟ್ಟಿ ಮನಸ್ಸು ಮಾಡಿದ.

"ಒಂದು ಮಾತು ಹೇಳ್ಬೇಕು. ಇಲ್ಲಿ ಬಯ್ಯಬೇಡ, ಮನೇಲಿ ಬೇಕಾದಷ್ಟು ಬಯ್ಯಿ."

"ಏನ್ರೀ ಅದು?"

"ನಾನು ಕುಡೀತಾ ಇದ್ದೀನಿ."

ಅವಳು ಪೂರ್ತಿ ತಿರುಗಿ ಅವನನ್ನು ನೋಡಿದಳು. "ಯಾವಾಗ?"

"ನಿದ್ದೇಲಿ."

"ನಿದ್ದೇಲಾ?"

"ಹೂಂ. ಎದ್ದು ಹೋಗಿ ಕುಡಿದು, ನೀರು ಬೆರೆಸಿ ಬಂದು ಮಲಗ್ತೀನಿ. ನನಗೆ ಗೊತ್ತೇ ಆಗಲ್ಲ. ಬಾಗಿಲು ಇಳೀತಿದೆ, ಅದಕ್ಕೇ ಗೊತ್ತಾಯ್ತು. ಕಾಲಿಗೆ ದಾರ ಕಟ್ಕೊಂಡು ಮಲಗಿದೆ, ಅದನ್ನೂ ಕಿತ್ಕೊಂಡು ಹೋಗಿದ್ದೀನಿ ನೋಡು. ನೀನು ನೋಡಿದ್ರೆ ನನಗೋಸ್ಕರ ಆಣೆ ಮಾಡಿದ್ದೀಯ..."

ಹೆಂಡತಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಭುಜ ಅಲ್ಲಾಡತೊಡಗಿತು. ಎದುರು ಕೂತಿದ್ದ ಮುದುಕರೊಬ್ಬರು ಪಾಪ ಏನೋ ಕೆಟ್ಟ ಸುದ್ದಿ ಇರಬೇಕೆಂದು ತಮ್ಮ ನೀರಿನ ಬಾಟಲಿಯನ್ನು ಮುಂದೆ ಚಾಚಿದರು. ಅವಳು ಕೈ ತೆಗೆದಾಗ ನೋಡಿದರೆ ಕಣ್ಣಲ್ಲಿ ನೀರಿದೆ, ಬಾಯಲ್ಲಿ ನಗು ಇದೆ, ಎರಡರಲ್ಲಿ ಯಾವುದು ಮೊದಲು ಬಂದದ್ದೆಂದು ಹೇಳುವಂತಿಲ್ಲ.

"ನೀವಲ್ಲ ರೀ," ಎಂದಳು ಮೆಲ್ಲಗೆ. "ನಾನು."

"ಏನು ನೀನು?"

"ಕುಡೀತಿದ್ದಿದ್ದು."

"ಮತ್ತೆ ನೀರು?"

"ಅದೂ ನಾನೇ. ಡಬ್ಬಿ ತುಂಬಬೇಕಲ್ಲ? ಮದುವೆಯಾದ ಹೊಸದರಲ್ಲಿ ನೀವೇ ಹೇಳಿದ್ರಲ್ಲ, ಗುರುಗಳ ಬಾಟಲಿ ಕಥೆ. ಬಾಗಿಲು ಇಳಿಯುತ್ತೆ ಅನ್ನೋದನ್ನ ಮರೆತಿದ್ದೆ ನೋಡಿ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಊರಿಗೆಲ್ಲ ಎದೆ ತಟ್ಟಿ ಅವನ ಪರವಾಗಿ ಮಾತಾಡಿದ ಧೈರ್ಯ ಅವಳಿಗೆ ಎಲ್ಲಿಂದ ಬಂತೆಂದು ಈಗ ತಿಳಿಯಿತು. ಅವನು ಕುಡಿದಿಲ್ಲವೆಂದು ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರಿದ್ದರು? ಅವನಿಗೆ ಸಿಟ್ಟು ಬರಬೇಕಾಗಿತ್ತು. ಒರೆಸಿ ಒರೆಸಿ ಮತ್ತೆ ಬರೆದ ಬಾಗಿಲುಗಳು, ಅಂಗಡಿಯ ಮುಂದೆ ಹೋದ ಮಾನ, ಎಲ್ಲ ನೆನಪಾದವು. ಸಿಟ್ಟು ಮಾತ್ರ ಬರಲಿಲ್ಲ. ಎದೆಯ ಮೇಲೆ ಹೊತ್ತು ತಿರುಗಿದ್ದ ಕಲ್ಲು ಇಳಿದ ಸುಖಕ್ಕೆ ಅವನು ಗಟ್ಟಿಯಾಗಿ ನಕ್ಕುಬಿಟ್ಟ. ನರ್ಸು ಬಂದು, ಇದು ಆಸ್ಪತ್ರೆ, ಕಾಫಿ ಅಂಗಡಿಯಲ್ಲ ಎಂದು ಗದರಿ, ಹಾಗೇ ಒಳಗೆ ಕರೆದಳು.

ಡಾಕ್ಟರಮ್ಮ ಈ ಸಲ ಕನ್ನಡಕ ತೆಗೆಯಲಿಲ್ಲ. "ಪರವಾಗಿಲ್ವೇ! ಚೆನ್ನಾಗಿ ಇಳಿದಿದೆ. ನಿಜ ಹೇಳಿ, ಒಂದು ಹನಿ ಕೂಡ ಇಲ್ವಾ?"

"ಇಲ್ಲ ಡಾಕ್ಟ್ರೇ. ಒಂದು ಹನೀನೂ ಇಲ್ಲ," ಎಂದ ಗೆರೆಯಪ್ಪ. ಇಷ್ಟು ಸಂತೋಷದಿಂದ ಅವನು ಜೀವಮಾನದಲ್ಲಿ ಯಾವ ನಿಜವನ್ನೂ ಹೇಳಿರಲಿಲ್ಲ.

"ಇನ್ನೊಂದಷ್ಟು ದಿನ ಹೀಗೇ ಇರಿ. ಆಮೇಲೆ ಯಾವಾಗಲಾದರೂ ಒಂದು ಲೋಟ, ನೋಡೋಣ. ಮನೆಯವರು ಚೆನ್ನಾಗಿ ಕಾವಲು ಕಾದಿದ್ದಾರೆ ಅನ್ಸುತ್ತೆ."

"ಹೌದು, ಬಹಳ ಕಷ್ಟಪಟ್ಟಿದ್ದಾಳೆ," ಎಂದ. ಹೆಂಡತಿ ಅವನ ತೊಡೆ ಚಿವುಟಿದಳು.

ಬಸ್ಸು ಹತ್ತದೆ ಇಬ್ಬರೂ ನಡೆದೇ ಹೊರಟರು. ಸ್ವಲ್ಪ ದೂರ ಹೋದ ಮೇಲೆ ಅವಳು ತಾನಾಗಿಯೇ ಹೇಳತೊಡಗಿದಳು.

"ಡಾಕ್ಟ್ರು ಹಾಗಂದ್ರಲ್ಲ ಮೊದಲನೇ ಸಲ, ಅವತ್ತು ನನಗೆ ಬಾಟಲಿ ಮೇಲೆ ಕೆಟ್ಟ ಸಿಟ್ಟು ಬಂತು. ಅಂಥದ್ದೇನಿದೆ ಇದರಲ್ಲಿ, ನನ್ನ ಗಂಡನ್ನ ತಿನ್ನೋ ಅಂಥದ್ದು ಅಂತ, ಬಾಗಿಲಿಗೆ ತಂದ ಮೊದಲನೇ ಬಾಟಲೀಲಿ ಒಂದು ಗುಟುಕು ನೋಡಿದೆ. ಕಹಿ. ಥೂ ಅಂದೆ. ಮಾರನೇ ದಿನ ಬೆಳಿಗ್ಗೆಯಿಂದ ಹೊಲಿದು ಹೊಲಿದು ಕತ್ತು ಹಿಡ್ಕೊಂಡಿತ್ತು. ಮುಚ್ಚಳ ತೆಗೆದೆ, ತಣ್ಣಗಿತ್ತು, ಇನ್ನೊಂದು ಗುಟುಕು ಕುಡಿದೆ. ಅವತ್ತು ಥೂ ಅನ್ಲಿಲ್ಲ."

"ಆಮೇಲೆ?"

"ಆಮೇಲೆ ಏನು, ಗುಟುಕು ಬೆಳೆದು ಬೆಳೆದು ದಿನಾ ಅರ್ಧ ಲೋಟ ಆಯ್ತು. ನೀವು ತಿರುಗಾಡಿ ಬರೋಷ್ಟರಲ್ಲಿ. ನಿಮ್ಮ ಮೆಟ್ಟಿಲ ಮೇಲೇ ಕೂತ್ಕೊಂಡು." ಅವಳು ನಿಂತಳು. "ಒಂದು ಹೇಳ್ಲಾ? ಇಷ್ಟು ವರ್ಷ ನೀವು ಸಂಜೆ ಬಂದು ಅಲ್ಲಿ ಕೂತು, ಒಂದು ಮಾತೂ ಆಡದೆ ಗೋಡೆ ನೋಡ್ತಿದ್ರಲ್ಲ, ನಾನು ಏನಂದ್ಕೊಂಡಿದ್ದೆ ಗೊತ್ತಾ? ನನ್ನ ಮೇಲೆ ಏನೋ ಸಿಟ್ಟು ಅಂದ್ಕೊಂಡಿದ್ದೆ. ದಿನಾ ಒಳಗೆ ಕೂತು ಯೋಚನೆ ಮಾಡ್ತಿದ್ದೆ, ಇವತ್ತು ಏನು ತಪ್ಪು ಮಾಡಿದೆ ಅಂತ. ಈಗ ನಾನೇ ಅಲ್ಲಿ ಕೂತು ನೋಡಿದೆ. ಯಾವ ಸಿಟ್ಟೂ ಇರ್ಲಿಲ್ಲ ನನಗೆ, ಯಾರ ಮೇಲೂ. ಮಾತು ಬೇಡ ಅನ್ನಿಸ್ತು, ಅಷ್ಟೇ."

ಇಷ್ಟು ವರ್ಷ ಗೆರೆಯಪ್ಪ ಆ ಮೆಟ್ಟಿಲ ಮೇಲೆ ಹಾಯಾಗಿ ಕೂತಿದ್ದ, ಅದೇ ಹೊತ್ತಿನಲ್ಲಿ ಗೋಡೆಯ ಆಚೆಗೆ ಅವಳು ತಪ್ಪು ಹುಡುಕುತ್ತಾ ಕೂತಿದ್ದಳು. ಒಂದು ಸಲ ಒಳಗೆ ಬಗ್ಗಿ, ಸುಸ್ತು ಕಣೇ, ಬೇರೇನಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೂ ಈಗಲಾದರೂ ಅವಳಿಗೆ ತಿಳಿಯಿತಲ್ಲ ಎಂಬ ಸಮಾಧಾನ, ಡಾಕ್ಟರಮ್ಮನ ಮಾತಿಗಿಂತ ದೊಡ್ಡದಾಗಿ, ಮೈಯೆಲ್ಲ ತುಂಬಿತು.

"ಸಿಟ್ಟಲ್ಲ ಕಣೇ. ಯಾವತ್ತೂ ಅಲ್ಲ," ಎಂದ.

"ಗೊತ್ತಾಯ್ತಲ್ಲ ಬಿಡಿ. ಇನ್ಮೇಲೆ ನಾನೂ ಮುಟ್ಟಲ್ಲ."

"ಯಾಕೆ? ನಿನ್ನ ಲಿವರ್‌ಗೇನಾಗಿದೆ? ಅರ್ಧ ಲೋಟ ತಾನೇ." ಅವನು ಅವಳ ಕೈಯಿಂದ ಚೀಲ ಇಸಿದುಕೊಂಡು ಮುಂದೆ ನಡೆದ. "ಸಂಜೆ ಮೆಟ್ಟಿಲ ಮೇಲೆ ನನಗೂ ಸ್ವಲ್ಪ ಜಾಗ ಬಿಡು, ನಾನು ನೀರೇ ಕುಡೀತೀನಿ. ಆದ್ರೆ ಡಬ್ಬಿಗೆ ಮಾತ್ರ ನೀರು ಬೆರೆಸ್ಬೇಡ. ಕಡಿಮೆ ಇದ್ರೆ ಕಡಿಮೆ ಇರಲಿ, ಬಾಗಿಲು ಸಣ್ಣದು ಮಾಡ್ಕೋತೀನಿ."